ಕೊನೆಯ ಕಂತೆ

ಆಫೀಸಿನಲ್ಲಿ ಅವಳನ್ನು ಎಲ್ಲರೂ ಚೀಟಿಯಕ್ಕ ಎಂದೇ ಕರೆಯುತ್ತಿದ್ದರು. ಅವಳ ನಿಜವಾದ ಹೆಸರು ಸಂಬಳದ ಕಾಗದದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಗೆ ಬರುತ್ತಿರಲಿಲ್ಲ. ನಲವತ್ತು ದಾಟಿದ ಹೆಂಗಸು, ಸಾಫ್ಟ್‌ವೇರ್ ಬರೆಯುವ ಕೆಲಸ. ಆ ಕೆಲಸಕ್ಕೆ ಬೇಕಾದದ್ದೆಲ್ಲ ಅವಳಲ್ಲಿತ್ತು, ಒಂದು ಕಡೆ ಕೂರುವ ಗುಣವೊಂದನ್ನು ಬಿಟ್ಟು. ಕುರ್ಚಿಯ ತುದಿಯಲ್ಲಿ ಕೂತು ನಾಲ್ಕು ಸಾಲು ಬರೆಯುವಳು, ಎದ್ದು ಕಿಟಕಿಯವರೆಗೆ ಹೋಗುವಳು, ವಾಪಸು ಬರುವ ದಾರಿಯಲ್ಲಿ ಇನ್ನೊಬ್ಬರ ಪರದೆಯತ್ತ ಬಗ್ಗಿ ನೋಡುವಳು. ಮೀಟಿಂಗಿನಲ್ಲಿ ಅವಳ ಪಕ್ಕ ಕೂರಲು ಜನ ಹಿಂದೆಮುಂದೆ ನೋಡುತ್ತಿದ್ದರು. ಅವಳ ಮೊಣಕಾಲು ಕುಣಿಯಲು ಶುರುವಾದರೆ ಮೇಜಿನ ಮೇಲಿನ ಲೋಟಗಳೆಲ್ಲ ಜೊತೆಗೆ ಕುಣಿಯುತ್ತಿದ್ದವು.

ತಲೆಯಲ್ಲಿ ಒಂದೂ ನಿಲ್ಲದು ಎಂದು ಗೊತ್ತಿದ್ದುದರಿಂದ, ಕಲಿತದ್ದನ್ನು ಹಳದಿ ಚೀಟಿಗಳ ಮೇಲೆ ಬರೆದಿಡುವ ಅಭ್ಯಾಸ ಅವಳಿಗೆ ಮೊದಲ ಕೆಲಸದಲ್ಲೇ ಹತ್ತಿತ್ತು. ತಾರೀಖನ್ನು ತಿರುಗುಮುರುಗಾಗದಂತೆ ಬರೆಯುವುದು ಹೇಗೆ, ದೊಡ್ಡ ಫೈಲನ್ನು ಉಸಿರು ಕಟ್ಟದಂತೆ ಓದಿಸುವುದು ಹೇಗೆ, ಹೀಗೆ. ಮೂರೋ ನಾಲ್ಕೋ ಸಾಲಿನ ಕೋಡು, ಕೆಳಗೆ ಒಂದು ಮಾತು. ಯಾರಾದರೂ ಕಂಪ್ಯೂಟರಿನ ಮುಂದೆ ಕೂದಲು ಕಿತ್ತುಕೊಳ್ಳುತ್ತಿರುವುದು ಕಂಡರೆ ಆ ಚೀಟಿಯನ್ನು ಅವರ ಪರದೆಯ ಅಂಚಿಗೆ ಅಂಟಿಸುವಳು. ಅವರು ತಿರುಗಿ ಥ್ಯಾಂಕ್ಸ್ ಹೇಳುವಷ್ಟರಲ್ಲಿ ಚೀಟಿಯಕ್ಕ ಕಾಫಿ ಯಂತ್ರದ ಹತ್ತಿರ ಇರುತ್ತಿದ್ದಳು.

ಚೀಟಿಗಳು ಹೆಚ್ಚಾದಂತೆ ಅವನ್ನೆಲ್ಲ ಇಂಟರ್ನೆಟ್ಟಿನ ಒಂದು ಪುಟಕ್ಕೆ ಏರಿಸಿದಳು. ಪುಟಕ್ಕೂ ‘ಚೀಟಿಗಳು’ ಎಂದೇ ಹೆಸರು. ಬರೆದವರು ಯಾರು ಎಂದು ಹಾಕಲಿಲ್ಲ, ವಿಳಾಸವನ್ನೂ ಕೊಡಲಿಲ್ಲ. ಬೇಕಾದವರು ಎತ್ತಿಕೊಳ್ಳಲಿ, ತನ್ನನ್ನು ಹಿಡಿದು ಮಾತಾಡಿಸದಿದ್ದರೆ ಸಾಕು ಎಂಬುದು ಅವಳ ಲೆಕ್ಕ. ಜನ ಎತ್ತಿಕೊಂಡರು. ಕಾಲೇಜು ಹುಡುಗರು, ಸಣ್ಣ ಅಂಗಡಿಗಳವರು, ದೊಡ್ಡ ಕಂಪನಿಯವರು, ಎಲ್ಲರೂ. ಪಕ್ಕದ ಕುರ್ಚಿಯ ಹುಡುಗನೊಬ್ಬ ಬಿಡುವಿಲ್ಲದೆ ಮಾತಾಡುತ್ತಿದ್ದುದರಿಂದ ಅವನನ್ನು ಎಲ್ಲರೂ ಮೌನಿ ಎಂದು ಕರೆಯುತ್ತಿದ್ದರು. ಅವನು ಒಮ್ಮೆ ಬೇರೆ ಕಂಪನಿಯ ಇಂಟರ್‌ವ್ಯೂಗೆ ಹೋಗಿ ಬಂದು, “ಅಕ್ಕ, ಅವರು ಕೇಳಿದ ಪ್ರಶ್ನೆಗೆ ಉತ್ತರ ನಿನ್ನ ಪುಟದ್ದೇ! ಪ್ರಶ್ನೆನೂ ನಿನ್ನ ಪುಟದ್ದೇ!” ಎಂದು ಕುಣಿದಾಡಿದ್ದ. ಕೆಲಸ ಮಾತ್ರ ಸಿಗಲಿಲ್ಲ. ಉತ್ತರಕ್ಕಿಂತ ಜಾಸ್ತಿ ಮಾತಾಡಿದ್ದನಂತೆ.

ಮನೆಯಲ್ಲಿ ಇದ್ದವರು ಮೂವರು. ಚೀಟಿಯಕ್ಕ, ಅವಳ ಗಂಡ, ಗಂಡನ ತಾಯಿ. ಗಂಡ ಲಿಫ್ಟ್ ರಿಪೇರಿ ಮಾಡುವವನು. ಹೆಂಡತಿಗೆ ಇಲ್ಲದ ನಿಧಾನವನ್ನೆಲ್ಲ ತಾನೇ ಇಟ್ಟುಕೊಂಡಂತಿದ್ದ. ಅತ್ತೆಗೆ ಮಂಡಿನೋವು. ವಾರಕ್ಕೊಮ್ಮೆ ಎರಡು ಬೀದಿ ಆಚೆಯ ಕ್ಲಿನಿಕ್ಕಿಗೆ ಹೋಗಿ ಮಂಡಿಯ ವ್ಯಾಯಾಮ ಮಾಡಿಸಿಕೊಂಡು ಬರುತ್ತಿದ್ದರು.

ಒಂದು ದಿನ ಚೀಟಿಯಕ್ಕ ಆಫೀಸಿನಿಂದ ಬಂದಾಗ ಅತ್ತೆ ಸೋಫಾದ ಮೇಲೆ ಮುಖ ಊದಿಸಿಕೊಂಡು ಕೂತಿದ್ದರು. ಮಂಡಿಯ ಮೇಲೆ ಬಿಸಿನೀರಿನ ಚೀಲ.

“ಏನಾಯ್ತು ಅತ್ತೆ?”

“ಏನಾಗ್ಬೇಕು? ಕೋಲು ಊರ್ಕೊಂಡು ಅಷ್ಟು ಮೆಟ್ಟಿಲು ಹತ್ತಿದೆ. ಬಾಗಿಲಿಗೆ ಬೀಗ. ಕೆಳಗಡೆ ಔಷಧಿ ಅಂಗಡಿಯವನು ಹೇಳ್ತಾನೆ, ಡಾಕ್ಟ್ರು ಇವತ್ತು ಬರಲ್ಲ, ಎಲ್ಲರಿಗೂ ಮೆಸೇಜ್ ಹೋಗಿದೆಯಲ್ಲಮ್ಮಾ ಅಂತ. ಎದುರು ಮನೆಯವಳಿಗೆ ಬಂದಿದೆ. ಅವಳ ತಂಗಿಗೂ ಬಂದಿದೆ. ನಾನೊಬ್ಬಳು ಬೇಡವಾದೆನಾ?”

“ಫೋನ್ ಕೊಡಿ ನೋಡೋಣ.”

“ನೋಡು, ನೋಡು. ನಾನೇ ಅಳಿಸಿಬಿಟ್ಟೆ ಅಂತ ಹೇಳೋಕೆ ತಾನೇ?”

ಅಳಿಸಿರಲಿಲ್ಲ. ಮೆಸೇಜು ಬಂದೇ ಇರಲಿಲ್ಲ. ನಂಬರು ತಪ್ಪಾಗಿ ಬರೆದುಕೊಂಡಿರಬೇಕು ಎಂದುಕೊಂಡು ಚೀಟಿಯಕ್ಕ ಮರುದಿನ ಆಫೀಸಿಗೆ ಹೋಗುವ ದಾರಿಯಲ್ಲಿ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದಳು. ಸ್ವಾಗತದ ಮೇಜಿನ ಹಿಂದಿದ್ದ ಹೆಂಗಸು ಅತ್ತೆಯ ಹೆಸರು ಕೇಳಿದ ಕೂಡಲೇ ನಿಟ್ಟುಸಿರು ಬಿಟ್ಟಳು.

“ಹ ಅಕ್ಷರ ಅಲ್ವಾ? ಗೊತ್ತಾಯ್ತು ಬಿಡಿ. ಈ ಹ ಅಕ್ಷರದವರದ್ದು ಯಾವಾಗಲೂ ಇದೇ ಗೋಳು.”

“ಅಂದ್ರೆ?”

“ಅಂದ್ರೆ, ಮೆಸೇಜ್ ಬಂದಿಲ್ಲ ಅಂತ ಜಗಳಕ್ಕೆ ಬರೋರೆಲ್ಲ ಅವರೇ. ಹನ್ನೆರಡು ರಾಶಿ ಅಂತಾರಲ್ಲ ಹಾಗೆ, ಆ ಅಕ್ಷರಕ್ಕೆ ಏನೋ ದೋಷ ಇರ್ಬೇಕು. ಒಮ್ಮೊಮ್ಮೆ ಸ ಅಕ್ಷರದವರೂ ಬರ್ತಾರೆ. ಆದ್ರೆ ಅ ಆ ಇ ಈ ಅವರು ಪಾಪ, ಯಾವತ್ತೂ ಒಂದು ಮಾತಾಡಿಲ್ಲ.”

ಅವಳು ನಗುತ್ತಲೇ ಹೇಳಿದ್ದಳು. ಚೀಟಿಯಕ್ಕನಿಗೆ ನಗು ಬರಲಿಲ್ಲ. ಪಟ್ಟಿ ಅಕಾರಾದಿಯಾಗಿದೆ, ಕೊನೆಯ ಅಕ್ಷರದವರಿಗೆ ಮೆಸೇಜಿಲ್ಲ, ಒಮ್ಮೊಮ್ಮೆ ಅದಕ್ಕೆ ಸ್ವಲ್ಪ ಹಿಂದಿನವರಿಗೂ ಇಲ್ಲ. ಇದು ನಂಬರಿನ ತಪ್ಪಲ್ಲ ಎಂದು ಅವಳ ಒಳಗಿನ ಕಸುಬು ಹೇಳಿತು.

“ಈ ಮೆಸೇಜಿನ ಪ್ರೋಗ್ರಾಮು ಮಾಡಿಕೊಟ್ಟೋರು ಯಾರು?”

“ಕೆಳಗಡೆ ಕಂಪ್ಯೂಟರ್ ಅಂಗಡಿ ಇದೆಯಲ್ಲ, ಅವರೇ.”

ಕಂಪ್ಯೂಟರ್ ಅಂಗಡಿಯವರು ಐವತ್ತರ ಆಸುಪಾಸಿನ ಗಟ್ಟಿ ಮನುಷ್ಯ. ಒಂದು ಕೈಯಲ್ಲಿ ಬಿಚ್ಚಿದ ಪ್ರಿಂಟರು, ಇನ್ನೊಂದರಲ್ಲಿ ಬ್ರಷ್ಷು. ದೂರು ಎಂದ ಕೂಡಲೇ ಅವರ ಹುಬ್ಬು ಗಂಟಿಕ್ಕಿತು.

“ನೋಡಿ ಮೇಡಂ, ನನ್ನ ಪ್ರೋಗ್ರಾಮಲ್ಲಿ ತೊಂದರೆ ಇಲ್ಲ. ಬೇಕಾದ್ರೆ ತೋರಿಸ್ತೀನಿ. ಮೆಸೇಜ್ ಕಳಿಸೋ ಭಾಗ ನಾನು ಬರೆದದ್ದೇ ಅಲ್ಲ. ಯಾರೋ ದೊಡ್ಡವರು ಬರೆದಿರೋದು. ಎಷ್ಟೋ ಜನ ಅದನ್ನೇ ಹಾಕ್ತಾರೆ.”

ಪರದೆ ತಿರುಗಿಸಿದರು. ಚೀಟಿಯಕ್ಕ ಬಗ್ಗಿ ನೋಡಿದಳು. ಮೇಲಿನ ಸಾಲಿನಲ್ಲೇ ಕನ್ನಡದಲ್ಲಿ ಒಂದು ಟಿಪ್ಪಣಿ ಇತ್ತು: ‘ಇದನ್ನು ಕಣ್ಣು ಮುಚ್ಚಿಕೊಂಡು ನಂಬಬಹುದು.’

ಅದು ಅವಳದೇ ಮಾತು. ಅವಳದೇ ಚೀಟಿ.

ಮೆಸೇಜು ಕಳಿಸುವ ಕಂಪನಿಗಳು ಒಂದೇ ಏಟಿಗೆ ಇಡೀ ಪಟ್ಟಿಯನ್ನು ತೆಗೆದುಕೊಳ್ಳುವುದಿಲ್ಲ, ನಂಬರುಗಳನ್ನು ಕಂತೆಕಂತೆಯಾಗಿ ಕೊಡಬೇಕು. ಆ ಚೀಟಿಯ ಕೋಡು ಮಾಡುತ್ತಿದ್ದುದು ಅದನ್ನೇ. ಹೆಸರುಗಳನ್ನು ಒಂದೊಂದಾಗಿ ಎತ್ತಿ ಕಂತೆಗೆ ಹಾಕು, ಕಂತೆ ತುಂಬಿದೊಡನೆ ಕಳಿಸು, ಖಾಲಿ ಕಂತೆಯಿಂದ ಮತ್ತೆ ಶುರುಮಾಡು. ಆದರೆ ಪಟ್ಟಿ ಮುಗಿಯುವಾಗ ಅರೆ ತುಂಬಿದ ಕಂತೆಯೊಂದು ಉಳಿದರೆ ಅದನ್ನೂ ಕಳಿಸು ಎಂದು ಎಲ್ಲಿಯೂ ಹೇಳಿರಲಿಲ್ಲ. ಅವಳು ಬರೆದ ದಿನ ನೂರು ಹೆಸರು ಹಾಕಿ, ಇಪ್ಪತ್ತರ ಕಂತೆ ಮಾಡಿ ಪರೀಕ್ಷಿಸಿದ್ದಳು. ಏನೂ ಉಳಿದಿರಲಿಲ್ಲ. ಎಲ್ಲ ಸರಿಯಾಗಿ ಕಂಡಿತ್ತು. ಅಷ್ಟರಲ್ಲಿ ಅವಳಿಗೆ ಎದ್ದು ಹೋಗಬೇಕೆನಿಸಿತ್ತು.

“ಇಲ್ಲಿ ಒಂದು ಸಾಲು ಬಿಟ್ಟುಹೋಗಿದೆ,” ಎಂದಳು. “ಕೊನೆಯಲ್ಲಿ ಮಿಕ್ಕಿದ ಕಂತೆ ಕಳಿಸೋದಿಲ್ಲ ಇದು.”

ಅಂಗಡಿಯವರು ಮೂಗು ಮುರಿದರು. “ಇಷ್ಟೊಂದು ಜನ ಬಳಸ್ತಾರೆ, ಅವರಿಗೆ ಯಾರಿಗೂ ಕಾಣದೇ ಇದ್ದ ತಪ್ಪು ನಿಮಗೆ ಕಾಣ್ತಾ? ಅದನ್ನ ಬರೆದೋರಿಗೇ ಹೋಗಿ ಹೇಳಿ.”

“ಬರೆದೋಳು ನಾನೇ.”

ಅವರು ಬ್ರಷ್ಷನ್ನು ಕೆಳಗಿಟ್ಟು ಅವಳನ್ನು ಮೇಲಿಂದ ಕೆಳಕ್ಕೆ ನೋಡಿದರು. ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕರು. ಚೀಟಿಯಕ್ಕ ಅವರ ಕೀಬೋರ್ಡನ್ನು ತನ್ನತ್ತ ಎಳೆದುಕೊಂಡು ‘ಚೀಟಿಗಳು’ ಪುಟಕ್ಕೆ ಹೋಗಿ, ಒಳಬಾಗಿಲಿನ ಪಾಸ್‌ವರ್ಡ್ ಒತ್ತಿ, ಅವರ ಕಣ್ಣೆದುರಿಗೇ ಕಾಣೆಯಾದ ಸಾಲನ್ನು ಸೇರಿಸಿದಳು. ನಗು ನಿಂತಿತು.

“ನಾನು ಇದನ್ನ ಇನ್ನೂ ಮೂರು ಕಡೆ ಹಾಕಿದೀನಲ್ಲ ಮೇಡಂ,” ಎಂದರು, ಮುಖ ಹುಳ್ಳಗೆ ಮಾಡಿಕೊಂಡು.

“ಕ್ಲಿನಿಕ್ಕಿನದ್ದರ ಜೊತೆ ಅಲ್ಲೆಲ್ಲ ಸರಿ ಮಾಡಿ. ಇವತ್ತೇ ಮಾಡಿ. ಏನಾದ್ರೂ ಆದ್ರೆ ಫೋನ್ ಮಾಡಿ,” ಎಂದು ತನ್ನ ನಂಬರು ಕೊಟ್ಟು ಓಡಿದಳು.

ಪುಟದಲ್ಲಿ ಸರಿಪಡಿಸಿದ್ದಾಯಿತು. ಮೇಲೆ ದಪ್ಪಕ್ಷರದಲ್ಲಿ ಎಚ್ಚರಿಕೆಯನ್ನೂ ಹಾಕಿದ್ದಾಯಿತು. ಆದರೆ ಆಗಲೇ ಎತ್ತಿಕೊಂಡು ಹೋದವರು ಆ ಪುಟಕ್ಕೆ ಮತ್ತೆ ಬರಬೇಕಲ್ಲ? ಒಮ್ಮೆ ಕೆಲಸ ಮಾಡಿದ ಕೋಡನ್ನು ಯಾರು ತಿರುಗಿ ನೋಡುತ್ತಾರೆ? ಬಾರದ ಮೆಸೇಜು ಬಂದಿಲ್ಲವೆಂದು ಗೊತ್ತಾಗುವುದಾದರೂ ಯಾರಿಗೆ?

ಅಂದಿನಿಂದ ಚೀಟಿಯಕ್ಕನ ಕಾಲಿಗೆ ನಿಜವಾಗಿಯೂ ಚಕ್ರ ಕಟ್ಟಿದಂತಾಯಿತು. ಕೋಡುಗಳನ್ನು ಬಹಿರಂಗವಾಗಿ ಇಡುವ ತಾಣಗಳಲ್ಲಿ ತನ್ನದೇ ಆ ಹಾಳು ಟಿಪ್ಪಣಿಯನ್ನು ಹಾಕಿ ಹುಡುಕಿದಳು. ಜನ ಕೋಡಿನ ಜೊತೆಗೆ ಅದನ್ನೂ ಹಾಗೆಯೇ ಎತ್ತಿಕೊಂಡಿದ್ದರು. ಕಣ್ಣು ಮುಚ್ಚಿಕೊಂಡು ನಂಬಬಹುದು, ಕಣ್ಣು ಮುಚ್ಚಿಕೊಂಡು ನಂಬಬಹುದು ಎಂದು ಪರದೆಯ ತುಂಬ ಸಾಲುಗಟ್ಟಿ ಬಂದವು. ಒಂದು ಗ್ರಂಥಾಲಯ. ಒಂದು ಶಾಲೆ. ರಕ್ತದಾನಿಗಳನ್ನು ಕರೆಯುವ ಒಂದು ಗುಂಪು. ಮೊದಲು ಆ ಗುಂಪಿಗೇ ಬರೆದಳು.

ಆಮೇಲೆ ಮಿಕ್ಕವರಿಗೂ ಒಬ್ಬೊಬ್ಬರಾಗಿ ಬರೆದಳು. ಕೆಲವರು ಥ್ಯಾಂಕ್ಸ್ ಎಂದರು. ಶಾಲೆಯವರು, ನಮ್ಮಲ್ಲಿ ಅಂಥ ತೊಂದರೆ ಕಂಡುಬಂದಿಲ್ಲ ಎಂದು ಉತ್ತರಿಸಿದರು. ಕಂಡುಬರುವುದಿಲ್ಲ ಎಂಬುದೇ ತೊಂದರೆ ಎಂದು ಅವಳು ಮತ್ತೆ ಬರೆದಳು. ಹೆಚ್ಚಿನವರು ಉತ್ತರಿಸಲೇ ಇಲ್ಲ. ಕಂಪನಿಯ ಕೆಲಸದ ನಡುವೆ ಕದ್ದು ಕದ್ದು ಇ-ಮೇಲ್ ನೋಡುವಳು. ಸ್ನಾನದ ಮನೆಗೂ ಫೋನು. ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿದ್ದು ಕೂಡ ಅವಳಿಗೆ ತಿಳಿಯಲಿಲ್ಲ.

“ಅಕ್ಕ, ಬಿಟ್ಟಾಕು,” ಎಂದ ಮೌನಿ. “ಬಿಟ್ಟಿ ಕೊಟ್ಟಿದ್ದು ನೀನು. ಅದಕ್ಕೆ ಗ್ಯಾರಂಟಿ ಬೇರೆ ಕೊಡ್ತೀಯಾ? ತಗೊಂಡೋರು ನೋಡ್ಕೋಬೇಕಿತ್ತು.”

“ನೋಡ್ಕೋಬೇಡಿ ಅಂತ ನಾನೇ ಬರೆದಿದೀನಲ್ಲೋ! ಕಣ್ಣು ಮುಚ್ಕೊಳ್ಳಿ ಅಂತ!”

ಮೌನಿ ಅಪರೂಪಕ್ಕೆ ಮೌನವಾದ.

ಗಂಡನ ಮಾತೂ ಸಮಾಧಾನ ತರಲಿಲ್ಲ. ಅವನು ಊಟದ ಮೇಜಿನಲ್ಲಿ ನಿಧಾನವಾಗಿ ಹೇಳಿದ: “ನೋಡು, ನಾನು ಒಂದು ಲಿಫ್ಟ್ ರಿಪೇರಿ ಮಾಡಿದ್ರೆ ಸಹಿ ಹಾಕಿ ಬರ್ತೀನಿ. ಆ ಲಿಫ್ಟಿಗೆ ನಾನು ಜವಾಬ್ದಾರ. ಪಕ್ಕದ ಬಿಲ್ಡಿಂಗಿನವನು ನನ್ನ ಕೆಲಸ ನೋಡ್ಕೊಂಡು ತನ್ನ ಲಿಫ್ಟ್ ಬಿಚ್ಚಿದ್ರೆ ಅದು ಅವನ ಹಣೆಬರಹ.”

“ರೀ, ನೀವು ಬಿಚ್ಚೋದು ಹೇಗೆ ಅಂತ ಊರಿಗೆಲ್ಲ ಹಂಚಿದ್ರೆ?”

“ಯಾಕೆ ಹಂಚಲಿ? ನನಗೇನು ತಲೆ ಕೆಟ್ಟಿದೆಯಾ?”

ಅತ್ತೆ ಮಗನ ತೊಡೆ ಚಿವುಟಿದರು. ಚೀಟಿಯಕ್ಕ ತಟ್ಟೆ ಬಿಟ್ಟು ಎದ್ದಾಗಿತ್ತು.

ಆ ಮಾತು ತಲೆಯಲ್ಲಿ ಹುಳದಂತೆ ಕೊರೆಯಿತು. ನಿಜ, ಯಾಕೆ ಹಂಚಬೇಕು? ಒಂದು ಚೀಟಿಯಲ್ಲೇ ಇಷ್ಟು ಎಡವಟ್ಟಿದ್ದರೆ ಮಿಕ್ಕವುಗಳಲ್ಲಿ ಏನೇನಿದೆಯೋ! ತಾರೀಖಿನದ್ದು? ಫೈಲಿನದ್ದು? ಮರುದಿನ ಬೆಳಗ್ಗೆ ಆಫೀಸಿಗೆ ಬಂದವಳೇ, ಚಪ್ಪಲಿ ಬಿಚ್ಚುವ ಮೊದಲು, ನಿಂತ ಕಾಲಲ್ಲೇ ‘ಚೀಟಿಗಳು’ ಪುಟವನ್ನು ಪೂರ್ತಿ ಮುಚ್ಚಿಬಿಟ್ಟಳು. ಒಂದೇ ಗುಂಡಿ. ವರ್ಷಗಳಿಂದ ಕೂಡಿಸಿದ್ದೆಲ್ಲ ಕಣ್ಮರೆಯಾಯಿತು. ನೋಯುವ ಹಲ್ಲು ಕಿತ್ತಂತೆ ಒಂದು ಗಳಿಗೆ ಹಗುರವೆನಿಸಿತು.

ಮಧ್ಯಾಹ್ನದೊಳಗೆ ಆಫೀಸಿನಲ್ಲೇ ಗಲಿಬಿಲಿ ಶುರುವಾಯಿತು. ಒಬ್ಬ ಬಂದು ತಾರೀಖಿನ ಚೀಟಿ ಎಲ್ಲಿ ಎಂದ. ಇನ್ನೊಬ್ಬಳು, ಅಕ್ಕ, ನಾನು ಅದನ್ನು ಬಾಯಿಪಾಠ ಮಾಡಿಲ್ಲ, ಅರ್ಧಕ್ಕೆ ನಿಂತಿದೀನಿ ಎಂದು ಗೋಗರೆದಳು. ಆಗ ಕಂಪ್ಯೂಟರ್ ಅಂಗಡಿಯವರ ಫೋನು ಬಂತು.

“ಮೇಡಂ, ನಿಮ್ಮ ಪುಟ ಎಲ್ಲಿ ಹೋಯ್ತು?”

“ತೆಗೆದುಬಿಟ್ಟೆ ಸರ್. ಇನ್ನು ಯಾರಿಗೂ ತೊಂದರೆ ಬೇಡ ಅಂತ.”

“ಏನ್ ಮೇಡಂ ನೀವು! ಎರಡು ಕಡೆ ಸರಿ ಮಾಡಿದೀನಿ, ಇನ್ನೊಂದು ಬಾಕಿ. ಆ ಸಾಲು ಎಲ್ಲಿ ಸೇರಿಸೋದು ಅಂತ ನೋಡೋಣ ಅಂದ್ರೆ ಪುಟವೇ ಇಲ್ಲ. ನನಗಾದ್ರೆ ನಿಮ್ಮ ನಂಬರ್ ಇದೆ. ನಂಬರ್ ಇಲ್ಲದೋರು ಏನ್ ಮಾಡ್ಬೇಕು? ತಪ್ಪು ಬೀದಿಯಲ್ಲಿ ಓಡಾಡ್ತಿದೆ, ಸರಿ ಮಾಡಿದ್ದನ್ನ ಮನೆ ಒಳಗೆ ಬಚ್ಚಿಟ್ಟಿದೀರಲ್ಲ!”

ಚೀಟಿಯಕ್ಕ ನಾಲಿಗೆ ಕಚ್ಚಿಕೊಂಡಳು. ಭಯದಲ್ಲಿ ಇಷ್ಟು ಸರಳ ವಿಷಯ ಹೊಳೆದಿರಲಿಲ್ಲ. ಫೋನು ಕಿವಿಯಲ್ಲಿರುವಾಗಲೇ ಪುಟವನ್ನು ಮತ್ತೆ ತೆರೆದಳು. ಕಣ್ಣು ಮುಚ್ಚುವ ಆ ಟಿಪ್ಪಣಿಯನ್ನು ಮಾತ್ರ ಬೇರುಸಹಿತ ಕಿತ್ತುಹಾಕಿದಳು.

ಇದಾದ ವಾರದಲ್ಲೇ ಅವಳ ಹುಡುಕಾಟದಲ್ಲಿ ಇನ್ನೊಂದು ಕಾಪಿ ಸಿಕ್ಕಿತು. ನದಿ ದಂಡೆಯ ಪಟ್ಟಣವೊಂದರ ಅಣೆಕಟ್ಟೆ ಕಚೇರಿಯದು. ಗೇಟು ತೆಗೆದು ನೀರು ಬಿಡುವ ಮೊದಲು ಕೆಳಗಿನ ದಂಡೆಯ ಮನೆಗಳಿಗೆ ಎಚ್ಚರಿಕೆಯ ಮೆಸೇಜು ಕಳಿಸುವ ಪ್ರೋಗ್ರಾಮು. ಪಟ್ಟಿ ಅಕಾರಾದಿಯಲ್ಲ, ಹೆಸರು ನೋಂದಾಯಿಸಿದ ಕ್ರಮದಲ್ಲಿತ್ತು. ಅಂದರೆ ಕೊನೆಗೆ ಉಳಿಯುವವರು ಹೊಸದಾಗಿ ಬಂದು ನೆಲೆಸಿದವರು. ಹೊಸಬರಿಗೆ ಎತ್ತರದ ಜಾಗ ಯಾರು ಬಿಟ್ಟುಕೊಡುತ್ತಾರೆ? ಅವರ ಮನೆಗಳೇ ನೀರಿಗೆ ಎಲ್ಲರಿಗಿಂತ ಹತ್ತಿರ ಇರಬೇಕು.

ಅವಳು ಕೂಡಲೇ ಆ ಕಚೇರಿಯ ವಿಳಾಸ ಹುಡುಕಿದಳು. ಬರೆದಳು, ಉತ್ತರವಿಲ್ಲ. ಫೋನು ಮಾಡಿದಳು.

“ಸಾಹೇಬರು ಗೇಟಿನ ಹತ್ರ ಹೋಗಿದ್ದಾರೆ,” ಎಂದಿತು ಒಂದು ದನಿ.

“ನಿಮ್ಮ ಮೆಸೇಜಿನ ಪ್ರೋಗ್ರಾಮಲ್ಲಿ ತಪ್ಪಿದೆ, ಅದನ್ನ ನೋಡ್ಕೊಳ್ಳೋರು ಯಾರು?”

“ಯಾವ ಕಂಪನಿಯಿಂದ ಮಾತಾಡ್ತಿರೋದು? ನಮಗೆ ಏನೂ ಬೇಡಮ್ಮ.”

ಫೋನು ಕುಕ್ಕಿದ ಸದ್ದು. ಆ ನದಿಯ ಮೇಲ್ಭಾಗದಲ್ಲಿ ಜೋರು ಮಳೆ ಎಂದು ವಾರ್ತೆಯಲ್ಲಿ ಬರುತ್ತಿತ್ತು. ಚೀಟಿಯಕ್ಕ ಮ್ಯಾನೇಜರನ ಮುಂದೆ ನಿಂತು ರಜೆ ಕೇಳಿದಳು. ಯಾತಕ್ಕೆ ಎಂದು ಅವನು ಕೇಳಿದ. ಮನೆ ಕಡೆ ತುರ್ತು ಎಂದಳು. ಯಾರ ಮನೆ ಎಂದು ಹೇಳಲಿಲ್ಲ.

ಮನೆಯಲ್ಲಿ ಅವಳು ಚೀಲಕ್ಕೆ ಬಟ್ಟೆ ತುರುಕುತ್ತಿದ್ದರೆ ಗಂಡ ಬಾಗಿಲಿಗೆ ಒರಗಿ ನಿಂತ. “ಗುರುತಿಲ್ಲ, ಪರಿಚಯ ಇಲ್ಲ. ಬಾಗಿಲಲ್ಲೇ ನಿಲ್ಲಿಸಿ ಕಳಿಸ್ತಾರೆ.”

“ಕಳಿಸಲಿ. ಹೇಳಿ ಬಂದೆ ಅಂತ ಆಗುತ್ತಲ್ಲ.”

ಅವನು ಇನ್ನೇನೋ ಹೇಳಲು ಹೋದ. ಅತ್ತೆ ಒಳಗಿನಿಂದಲೇ ಕೂಗಿದರು: “ಸುಮ್ನೆ ಬಿಡೋ ಅವಳನ್ನ. ಇಲ್ಲಿದ್ರೂ ಮನೆ ತುಂಬ ಓಡಾಡಿ ನನ್ನ ತಲೆ ಚಿಟ್ಟು ಹಿಡಿಸ್ತಾಳೆ. ಓಡಾಡೋದು ರೈಲಲ್ಲಿ ಆಗ್ಲಿ.”

ಗಂಡ ಅವಳನ್ನು ಸ್ಕೂಟರಿನಲ್ಲಿ ಸ್ಟೇಷನ್ನಿಗೆ ಬಿಟ್ಟ. ರೈಲು ಹೊರಡುವಾಗ ಕಿಟಕಿಯೊಳಗೆ ನೀರಿನ ಬಾಟಲಿ ತೂರಿಸಿ, “ತಲುಪಿದ ಕೂಡ್ಲೇ ಫೋನ್ ಮಾಡು. ಮೆಸೇಜ್ ಮಾಡ್ಬೇಡ, ನಿನ್ನ ಮೆಸೇಜಿನ ಮೇಲೆ ನನಗೆ ನಂಬಿಕೆ ಹೋಗಿದೆ,” ಎಂದ.

ರೈಲಿನಲ್ಲಿ ಒಂದು ಕಡೆ ಕೂರಲಾಗಲಿಲ್ಲ. ಬೋಗಿಯ ಈ ತುದಿಯಿಂದ ಆ ತುದಿಗೆ ನಡೆದಳು. ಎದುರು ಸೀಟಿನ ಅಜ್ಜ, “ಏನನ್ನಾದರೂ ಕಳ್ಕೊಂಡ್ರಾ ತಾಯಿ?” ಎಂದು ಸೀಟಿನ ಕೆಳಗೆಲ್ಲ ತಡಕಾಡಿ ನೋಡಿದ. ಹೊರಗೆ ಮೋಡ ದಟ್ಟವಾಗುತ್ತ ಹೋಯಿತು. ಸೇತುವೆಯ ಮೇಲೆ ರೈಲು ನಿಧಾನವಾದಾಗ ಕೆಳಗಿನ ನೀರು ಕಂಡಿತು. ಕೆಂಪಗೆ, ದಪ್ಪಗೆ, ಅವಸರದಲ್ಲಿ ಹರಿಯುತ್ತಿತ್ತು. ದಂಡೆಗೆ ಅಂಟಿದಂತೆ ತಗಡಿನ ಮಾಡುಗಳ ಒಂದು ಸಾಲು. ಒಬ್ಬ ಹೆಂಗಸು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಇಂಥ ಮೋಡದಲ್ಲಿ ಯಾರು ಬಟ್ಟೆ ಒಣಹಾಕುತ್ತಾರೆ, ಇವಳಿಗೆ ಯಾರೂ ಏನೂ ಹೇಳಿಲ್ಲವೇ ಎಂದು ಚೀಟಿಯಕ್ಕ ಕಿಟಕಿಯ ಸರಳಿಗೆ ಹಣೆಯೊತ್ತಿ ನೋಡಿದಳು.

ಅಣೆಕಟ್ಟೆ ಕಚೇರಿ ಹಳೆಯ ಎರಡಂತಸ್ತಿನ ಕಟ್ಟಡ. ಬಾಗಿಲ ಕಾವಲಿನವನು ನಿಜಕ್ಕೂ ತಡೆದ. ಒಳಗೆ ಹೋಗಲು ಚೀಟಿ ಬೇಕು ಎಂದ. ಆ ಪದ ಕೇಳಿ ಅವಳಿಗೆ ಮೈ ಪರಚಿಕೊಳ್ಳುವಂತಾಯಿತು. ಅಷ್ಟರಲ್ಲಿ ಒದ್ದೆ ಕೊಡೆ ಝಾಡಿಸುತ್ತ ಒಬ್ಬ ಹೆಂಗಸು ಮೆಟ್ಟಿಲು ಹತ್ತಿದಳು. ಹೆಚ್ಚು ಕಡಿಮೆ ಇವಳದೇ ವಯಸ್ಸು, ದಪ್ಪ ಕನ್ನಡಕ.

“ಯಾರು ಬೇಕಿತ್ತು?”

“ನಿಮ್ಮಲ್ಲಿ ಎಚ್ಚರಿಕೆ ಮೆಸೇಜಿನ ಪ್ರೋಗ್ರಾಮು ನೋಡ್ಕೊಳ್ಳೋರು.”

“ನಾನೇ. ಹೇಳಿ.”

ಚೀಟಿಯಕ್ಕ ಅಲ್ಲೇ, ಮೆಟ್ಟಿಲ ಮೇಲೆ ನಿಂತೇ, ಉಸಿರು ತೆಗೆದುಕೊಳ್ಳದೆ ಎಲ್ಲ ಹೇಳಿದಳು. ಕಂತೆ, ಕೊನೆ, ಬಿಟ್ಟುಹೋದ ಸಾಲು, ತಗಡಿನ ಮನೆಗಳು. ಕನ್ನಡಕದ ಹೆಂಗಸು ಪೂರ್ತಿ ಕೇಳಿ, ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು.

“ಒಳಗೆ ಬನ್ನಿ.”

ಒಳಗಿನ ಕೋಣೆಯಲ್ಲಿ ಗೋಡೆಗೆ ನದಿಯ ದೊಡ್ಡ ನಕ್ಷೆ ಇತ್ತು. ಅವಳು ಕಂಪ್ಯೂಟರು ತೆರೆದು, ನಡೆಯುತ್ತಿದ್ದ ಪ್ರೋಗ್ರಾಮನ್ನೇ ತೋರಿಸಿದಳು. ಚೀಟಿಯಕ್ಕನ ಕೋಡು ಅಲ್ಲಿತ್ತು. ಕೆಳಗೆ, ಇರಬೇಕಾದ ಜಾಗದಲ್ಲಿ, ಇರಬೇಕಾದ ಸಾಲೂ ಇತ್ತು.

“ಇದು... ಇದನ್ನ ಯಾವಾಗ ಹಾಕಿದ್ರಿ?”

“ಹೋದ ವರ್ಷಾನೇ. ಮಳೆಗಾಲಕ್ಕೆ ಮುಂಚೆ ಒಮ್ಮೆ ಎಲ್ಲರಿಗೂ ಸುಮ್ನೆ ಮೆಸೇಜ್ ಕಳಿಸಿ, ಆಮೇಲೆ ಮನೆಮನೆಗೆ ಹೋಗಿ ಬಂತಾ ಅಂತ ಕೇಳ್ತೀವಿ. ಕೆಳಗಿನ ಸಾಲಿನವರು ಬಂದಿಲ್ಲ ಅಂದ್ರು. ನೋಡಿದ್ರೆ ಇದು. ಇಲ್ಲಿ ಸರಿ ಮಾಡಿದೆ. ಹೊರಗೆ ಎಲ್ಲರಿಗೂ ಕಾಣೋ ಕಾಪಿ ಹಳೇದೇ ಉಳಿದುಬಿಟ್ಟಿದೆ, ನೀವು ನೋಡಿದ್ದು ಅದನ್ನ.”

ಚೀಟಿಯಕ್ಕ ಹತ್ತಿರದ ಕುರ್ಚಿಯಲ್ಲಿ ಕುಸಿದು ಕೂತಳು. ಎಷ್ಟೋ ದಿನಗಳ ಬಳಿಕ ಅವಳ ಬೆನ್ನು ಕುರ್ಚಿಗೆ ತಾಗಿತು. ಸಮಾಧಾನ ಮೊದಲು ಬಂತು, ಅದರ ಬೆನ್ನಿಗೇ ಸಿಟ್ಟು.

“ಹಾಗಾದ್ರೆ ನಿಮಗೆ ಗೊತ್ತಿತ್ತು. ಒಂದು ವರ್ಷದಿಂದ ಗೊತ್ತಿತ್ತು! ನನಗೆ ಒಂದು ಮಾತು ಹೇಳೋಕೆ ಏನಾಗಿತ್ತು? ಅಷ್ಟು ಜನ ಅದನ್ನೇ ಬಳಸ್ತಿದ್ರಲ್ಲ!”

ಕನ್ನಡಕದ ಹೆಂಗಸು ಸಿಟ್ಟಾಗಲಿಲ್ಲ. ಫ್ಲಾಸ್ಕಿನಿಂದ ಎರಡು ಲೋಟಕ್ಕೆ ಚಹಾ ಸುರಿದಳು.

“ಹೇಳೋಣ ಅಂತಲೇ ಹೊರಟೆ. ಯಾರಿಗೆ ಹೇಳಲಿ? ನಿಮ್ಮ ಪುಟದಲ್ಲಿ ಹೆಸರಿಲ್ಲ, ವಿಳಾಸ ಇಲ್ಲ, ಏನಾದ್ರೂ ಬರೆಯೋಣ ಅಂದ್ರೆ ಅಂಗೈಯಗಲ ಜಾಗ ಇಲ್ಲ. ಯಾರೋ ದೊಡ್ಡ ಪ್ರೊಫೆಸರ್ ಇರ್ಬೇಕು, ಕೊಡೋದಷ್ಟೇ ಅವರ ಕೆಲಸ, ಕೇಳೋದು ಇಷ್ಟ ಇಲ್ಲ ಅಂದ್ಕೊಂಡೆ. ತಪ್ಪು ತಿಳ್ಕೋಬೇಡಿ.”

ಚೀಟಿಯಕ್ಕ ಚಹಾದ ಲೋಟವನ್ನು ಹತ್ತಿರಕ್ಕೆ ಎಳೆದುಕೊಂಡಳು. ಚೀಟಿ ಅಂಟಿಸಿ, ಎದುರಿನವರು ತಿರುಗುವ ಮೊದಲೇ ಮಾಯವಾಗುವುದನ್ನು ಅವಳು ಇಷ್ಟು ವರ್ಷ ವಿನಯ ಎಂದುಕೊಂಡಿದ್ದಳು. ಕೊಟ್ಟು ಓಡಿಹೋಗುವುದು ಸುಲಭ. ನಿಂತರೆ ಯಾರಾದರೂ ಏನಾದರೂ ಹೇಳುತ್ತಾರೆ, ಅದನ್ನು ಕೇಳಬೇಕು, ಅಷ್ಟು ಹೊತ್ತು ಒಂದು ಕಡೆ ಇರಬೇಕು. ಅದು ಅವಳಿಂದ ಆಗುತ್ತಿರಲಿಲ್ಲ.

“ಇನ್ನೂ ಏನಾದ್ರೂ ಇದೆಯಾ?” ಎಂದು ಕೇಳಿದಳು, ಸಣ್ಣ ದನಿಯಲ್ಲಿ. “ನನ್ನ ಚೀಟಿಗಳಲ್ಲಿ, ನಿಮಗೆ ಕಂಡಿದ್ದು?”

“ಇದೆ. ತಾರೀಖಿನದ್ದು ಫೆಬ್ರವರಿಯಲ್ಲಿ ಎಡವುತ್ತೆ. ಹೇಳ್ಲಾ?”

“ಹೇಳಿ.”

ಅವರಿಬ್ಬರೂ ಸಂಜೆಯವರೆಗೆ ಆ ಕೋಣೆಯಲ್ಲೇ ಕೂತರು. ನಡುವೆ ಚೀಟಿಯಕ್ಕ ಆಗಾಗ ಎದ್ದು ನಕ್ಷೆಯ ಮುಂದೆ ನಿಂತದ್ದು ಹೌದು, ಆದರೆ ವಾಪಸು ಬಂದು ಕೂತಳು. ಕನ್ನಡಕದ ಹೆಂಗಸು ಹೊರಗಿನ ಹಳೆಯ ಕಾಪಿಯನ್ನೂ ಅವಳೆದುರಿಗೇ ಬದಲಾಯಿಸಿದಳು. ಗೇಟಿನ ಕಡೆಯಿಂದ ಫೋನು ಬಂದು, ನೀರು ಬಿಡುವುದು ಖಚಿತ ಎಂದಾದಾಗ ಮೆಸೇಜುಗಳು ಹೊರಟವು. ಚೀಟಿಯಕ್ಕ ಪರದೆಗೆ ಕಣ್ಣು ನೆಟ್ಟು ಒಂದೊಂದು ಕಂತೆ ಹೋಗುವುದನ್ನೂ ನೋಡಿದಳು. ಕೊನೆಯ ಸಣ್ಣ ಕಂತೆಯೂ ಹೋಯಿತು. ತಲುಪಿತು ಎಂಬ ಗುರುತು ಬರುವವರೆಗೂ ಅವಳು ಕುಡಿಯಲು ಎತ್ತಿದ ಲೋಟ ಕೈಯಲ್ಲೇ ಇತ್ತು.

ಗಂಡನಿಗೆ ಫೋನು ಮಾಡುವುದು ಆಮೇಲೆ ನೆನಪಾಯಿತು. ಬೈಸಿಕೊಂಡಳು.

ಊರಿಗೆ ಮರಳಿದ ಮೇಲೆ ಅವಳು ಪುಟದಲ್ಲಿ ಪ್ರತಿ ಚೀಟಿಯ ಕೆಳಗೂ ಬೇರೆಯವರು ಬರೆಯಲು ಜಾಗ ಮಾಡಿದಳು. ಎಲ್ಲಿ ಎಡವುತ್ತದೆ ಎಂದು ತನಗೆ ತಿಳಿದದ್ದನ್ನು ಮೊದಲು ತಾನೇ ಬರೆದಳು. ತನ್ನ ವಿಳಾಸವನ್ನೂ ಹಾಕಿದಳು. ಆ ಜಾಗ ತೆರೆದ ದಿನ ಆಫೀಸಿನಲ್ಲಿ ಅವಳು ಪರದೆಯನ್ನು ನೋಡುತ್ತ, ಕಿಟಕಿಗೆ ಹೋಗುತ್ತ, ಮತ್ತೆ ನೋಡುತ್ತ ಇದ್ದಳು. ಬೈಗುಳ ಬರುತ್ತದೆ ಎಂದುಕೊಂಡಿದ್ದಳು. ಕೆಲವು ಬಂದವೂ ಹೌದು. ಗ್ರಂಥಾಲಯದವನೊಬ್ಬ, ಪುಸ್ತಕ ಹಿಂತಿರುಗಿಸಲು ನೆನಪಿಸದೆ ದಂಡ ಹಾಕಿದ್ದಕ್ಕೆ ಓದುಗರೊಬ್ಬರು ತನ್ನ ಮೇಲೆ ಕೂಗಾಡಿದ್ದು ಈಗ ಅರ್ಥವಾಯಿತು ಎಂದು ಬರೆದಿದ್ದ. ರಕ್ತದಾನಿಗಳ ಗುಂಪಿನವರು ಸರಿಪಡಿಸಿಕೊಂಡೆವು ಎಂದು ಒಂದೇ ಸಾಲು ಬರೆದಿದ್ದರು. ಆ ಸಾಲನ್ನು ಅವಳು ಎಷ್ಟು ಸಲ ಓದಿದಳೋ. ಅದಕ್ಕೆ ಮೊದಲು ಯಾರನ್ನು ಕರೆಯದೆ ಬಿಟ್ಟಿದ್ದರೋ, ಅದರಿಂದ ಏನಾಯಿತೋ, ಏನೂ ಆಗಲಿಲ್ಲವೋ, ಅದು ಅವಳಿಗೆ ಎಂದಿಗೂ ತಿಳಿಯುವಂತಿರಲಿಲ್ಲ. ಆ ಮುಳ್ಳು ಒಳಗೇ ಉಳಿಯಿತು.

ಮೂರನೆಯ ದಿನ ಮೌನಿ ತನ್ನ ಕುರ್ಚಿಯಿಂದಲೇ ಕೂಗಿದ. “ಅಕ್ಕ! ಯಾರೋ ಒಬ್ಬಳು ಬರೆದಿದ್ದಾಳೆ ನೋಡು. ನೀನು ಸೇರಿಸಿದ ಆ ಹೊಸ ಸಾಲಲ್ಲೂ ತಪ್ಪಿದೆಯಂತೆ!”

“ಏನಂತೆ?”

“ಪಟ್ಟಿ ಸರಿಯಾಗಿ ಮುಗಿದು ಏನೂ ಮಿಕ್ಕಿಲ್ಲ ಅಂದ್ರೆ, ಖಾಲಿ ಕಂತೆ ಕಳಿಸೋಕೆ ಹೋಗುತ್ತೆ. ಆಗ ಎಲ್ಲ ನಿಂತುಬಿಡುತ್ತೆ ಅಂತ.”

ಚೀಟಿಯಕ್ಕ ಓದಿದಳು. ಬರೆದಿದ್ದವಳು ಯಾವುದೋ ದೂರದ ಊರಿನ ಕಾಲೇಜಿನವಳು, ಹೇಳಿದ್ದು ಅಕ್ಷರಶಃ ಸರಿ. ಚೀಟಿಯಕ್ಕ ಹಣೆ ಚಚ್ಚಿಕೊಂಡಳು, ಆಮೇಲೆ ಜೋರಾಗಿ ನಕ್ಕಳು. ಇಡೀ ಆಫೀಸು ತಿರುಗಿ ನೋಡಿತು. ಒಂದು ಷರತ್ತು ಸೇರಿಸಿ, ಆ ಹುಡುಗಿಯ ಹೆಸರನ್ನು ಚೀಟಿಯ ಕೆಳಗೆ ಬರೆದು, ಕೂಡಲೇ ಕಂಪ್ಯೂಟರ್ ಅಂಗಡಿಗೆ ಫೋನು ಮಾಡಿದಳು.

“ಸರ್, ಇನ್ನೊಂದು ಸಣ್ಣ ಬದಲಾವಣೆ ಇದೆ.”

ಆ ಕಡೆಯಿಂದ ದೀರ್ಘವಾದ ಉಸಿರು ಕೇಳಿಸಿತು. “ಮೇಡಂ, ನಾನು ಊಟಕ್ಕೆ ಕೂತಿದೀನಿ.”

“ಊಟ ಮಾಡಿ ಸರ್, ನಾನು ಕಾಯ್ತೀನಿ,” ಎಂದಳು. ಅವರು ಊಟ ಮುಗಿಸಿ ಕೈ ತೊಳೆದು ಬರುವವರೆಗೂ ಫೋನು ಹಿಡಿದು ಕಾದಳು. ಮೇಜಿನ ಕೆಳಗೆ ಮೊಣಕಾಲು ಮಾತ್ರ ಕುಣಿಯುತ್ತಲೇ ಇತ್ತು.